ಹಿರಿಯರ ಖಿದ್ಮತ್ತಿಗೂ ಓದು ಬೇಕೇ?

ಈದ್‌ನ ಮರುದಿನ ತಂಗಿಯ ಮನೆಯವರೆಲ್ಲ ನಮ್ಮಲ್ಲಿಗೆ ಬಂದಿದ್ದರು. ಊಟ ಮುಗಿದು ಚಹಾ ಬರುವ ಹೊತ್ತಿಗೆ ತಂಗಿಯ ಮಗಳು ನನ್ನ ಪಕ್ಕಕ್ಕೆ ಬಂದು ಕೂತಳು. ಹಾರೂಗೇರಿಯಲ್ಲೇ ಓದಿದ ಹುಡುಗಿ, ಈ ವರ್ಷ ಸಮಾಜಕಾರ್ಯದಲ್ಲಿ ಪದವಿ ಮುಗಿಸಿದ್ದಾಳೆ. "ಮಾಮು, ಧಾರವಾಡಕ್ಕ ಹೋಗಿ ಎಂ.ಎಸ್.ಡಬ್ಲ್ಯೂ. ಮಾಡಬೇಕಂತೀನಿ. ಆಮ್ಯಾಲ ಜೆರೊಂಟಾಲಜಿ ಡಿಪ್ಲೊಮಾ. ಅಬ್ಬಾಗ ನೀವ ಒಂದ ಮಾತ ಹೇಳ್ರಿ" ಎಂದಳು. ಮೆಲ್ಲಗೇ ಹೇಳಿದ್ದಳು, ಆದರೂ ಅವಳ ಅಬ್ಬಾನ ಕಿವಿಗೆ ಬಿತ್ತು.

"ಅದೇನದು?"

"ವಯಸ್ಸಾದವರ ಬಗ್ಗೆ ಓದೂದು ಅಬ್ಬಾ. ಮುಪ್ಪಿನ ಶಾಸ್ತ್ರ."

ಇಡೀ ಮನೆ ನಕ್ಕಿತು. "ಮುದುಕರನ್ನ ನೋಡಿಕೊಳ್ಳಾಕ ಯೂನಿವರ್ಸಿಟಿಗೆ ಹೋಗಬೇಕೇನವ್ವಾ? ನಿನ್ನ ದಾದಿ ಮನ್ಯಾಗ ಅದಾಳ. ಆಕೀ ಖಿದ್ಮತ್ ಮಾಡು, ಸವಾಬ್ ಆದರೂ ಬರತೈತಿ. ಫೀ ಉಳೀತೈತಿ" ಎಂದರು ಭಾವ. ನಕ್ಕವರಲ್ಲಿ ನಾನೂ ಒಬ್ಬ. ಹುಡುಗಿ ಎದ್ದು ಅಡುಗೆಮನೆಗೆ ಹೋದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗೆ ನಗುವ ಹಕ್ಕು ಊರಿನಲ್ಲಿ ಯಾರಿಗಾದರೂ ಇರಬಹುದು, ನನಗಂತೂ ಇಲ್ಲ. ಯಾಕೆಂದು ಮೊದಲು ಹೇಳಿಬಿಡುತ್ತೇನೆ.

ಆರು ವರ್ಷಗಳ ಹಿಂದೆ, ನನ್ನ ಅಬ್ಬಾಗೆ ಎಪ್ಪತ್ತಾರು ವರ್ಷ. ಬಿ.ಪಿ. ಇತ್ತು. ಪಟ್ಟಣದ ವೈದ್ಯರೊಬ್ಬರು ಬರೆದುಕೊಟ್ಟ ಗುಳಿಗೆ ನಡೆಯುತ್ತಿತ್ತು. ಅದರಲ್ಲಿ ಮೂತ್ರ ಹೆಚ್ಚಿಸಿ ಒತ್ತಡ ಇಳಿಸುವ ಔಷಧವೂ ಸೇರಿತ್ತು. ಅದು ಒಳ್ಳೆಯ ಔಷಧವೇ, ಲಕ್ಷಾಂತರ ಜನರ ಜೀವ ಉಳಿಸಿದೆ. ಅದರ ಮೇಲೆ ನಾನು, ಮನೆಯ ಹಕೀಮ, ಉಪ್ಪು ಪೂರ್ತಿ ಬಿಡಿಸಿದೆ. ಅವರ ಪಾಲಿನ ಸಾರು ಬೇರೆ, ರೊಟ್ಟಿ ಬೇರೆ. ಅಬ್ಬಾ ಒಂದು ಮಾತೂ ಆಡದೆ ಸಪ್ಪಗಿನ ಊಟ ಮಾಡುತ್ತಿದ್ದರು. ಏಪ್ರಿಲ್ ಬಂತು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಹೇಗಿರುತ್ತದೆಂದು ಓದುಗರಿಗೆ ಹೇಳಬೇಕಿಲ್ಲ. ಅಬ್ಬಾ ಮಂಕಾಗತೊಡಗಿದರು. ಒಮ್ಮೆ ಅಸರ್ ನಮಾಝ್ ಮಾಡಿ ಬಂದವರು ಮತ್ತೆ ಅಸರ್‌ಗೆಂದು ಹೊರಟರು. ಮೊಮ್ಮಗನ ಹೆಸರು ಮರೆತರು. ನಡೆಯುವಾಗ ಗೋಡೆ ಹಿಡಿಯತೊಡಗಿದರು.

ನಾನು ನಾಡಿ ನೋಡಿದೆ. ವಯಸ್ಸಾದವರ ಮಿಜಾಜ್ ತಂಪು ಮತ್ತು ಒಣ, ಮೆದುಳಿನಲ್ಲಿ ಬಲ್ಗಮ್ ಸೇರಿದರೆ ಮರೆವು ಬರುತ್ತದೆ ಎಂದು ಓದಿದ್ದೆನಲ್ಲ, ಖಮೀರಾ ಗಾವ್‌ಜಬಾನ್ ಅಂಬರಿ ಶುರು ಮಾಡಿದೆ. ಅಮ್ಮಿ ಕೇಳಿದಾಗ, "ವಯಸ್ಸಾಯ್ತಲ್ಲ ಅಮ್ಮಿ" ಎಂದೆ. ಹದಿನೈದು ದಿನಗಳ ನಂತರ ಫಜರ್ ಹೊತ್ತಿಗೆ ವುಝೂ ಮಾಡಲು ಹೋದ ಅಬ್ಬಾ ಬಚ್ಚಲಲ್ಲಿ ಬಿದ್ದರು. ಸೊಂಟದ ಕೀಲಿನ ಹತ್ತಿರ ಎಲುಬು ಮುರಿಯಿತು. ಮಿರಜದ ಆಸ್ಪತ್ರೆಗೆ ಒಯ್ದೆವು. ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿದರು. ಸೋಡಿಯಂ ತೀರ ಕೆಳಗಿಳಿದಿತ್ತು. ನನಗಿಂತ ಹತ್ತು ವರ್ಷ ಚಿಕ್ಕವನಾದ ಅಲ್ಲಿನ ವೈದ್ಯ ಮರೆವು ಯಾವಾಗಿನಿಂದ, ಗುಳಿಗೆ ಯಾವುದು, ಉಪ್ಪು ಎಷ್ಟು ತಿನ್ನುತ್ತಾರೆ ಎಂದು ಕೇಳಿ ಕಾರಣವನ್ನು ಐದು ನಿಮಿಷದಲ್ಲಿ ಹೇಳಿದ. ಸೋಡಿಯಂ ಸರಿಯಾದ ನಾಲ್ಕನೇ ದಿನಕ್ಕೆ ಅಬ್ಬಾ ಮೊಮ್ಮಗನನ್ನು ಹೆಸರು ಹಿಡಿದು ಕರೆದರು. ಮರೆವು ಹೋಯಿತು, ಕಾಲು ಮಾತ್ರ ಮರಳಿ ಬರಲಿಲ್ಲ. ಐದು ತಿಂಗಳು ಹಾಸಿಗೆಯಲ್ಲಿದ್ದು ಅಲ್ಲಾಹನ ಕರೆಗೆ ಓಗೊಟ್ಟರು.

ನನ್ನ ಅಬ್ಬಾಗೆ ಖಿದ್ಮತ್ ಕಡಿಮೆಯಾಗಿರಲಿಲ್ಲ. ಮೂವರು ಮಕ್ಕಳು, ಸೊಸೆಯಂದಿರು, ಮನೆಯಲ್ಲೇ ಒಬ್ಬ ವೈದ್ಯ. ಕಡಿಮೆಯಾದದ್ದು ತಿಳಿವಳಿಕೆ. ಎಪ್ಪತ್ತಾರರ ದೇಹದಲ್ಲಿ ಹಠಾತ್ತನೆ ಬಂದ ಮರೆವು ಮುಪ್ಪಲ್ಲ, ಅದು ರೋಗದ ಕೂಗು ಎಂಬ ಒಂದೇ ಒಂದು ಪಾಠ ನನಗೆ ಗೊತ್ತಿದ್ದರೆ ಸಾಕಿತ್ತು.

ಈಗ ಹುಡುಗಿಯ ಮಾತಿಗೆ ಬರುತ್ತೇನೆ. ಜೆರೊಂಟಾಲಜಿ ಎಂದರೆ ವೃದ್ಧಾಪ್ಯ ವಿಜ್ಞಾನ. ಇದನ್ನು ಮುದುಕರ ವೈದ್ಯಕೀಯ ಎಂದು ತಿಳಿಯುವವರೇ ಹೆಚ್ಚು. ವೈದ್ಯಕೀಯದ ಭಾಗಕ್ಕೆ ಜೀರಿಯಾಟ್ರಿಕ್ಸ್ ಎಂಬ ಬೇರೆ ಹೆಸರಿದೆ, ಅದು ಡಾಕ್ಟರರ ಕೆಲಸ. ಜೆರೊಂಟಾಲಜಿ ಅದಕ್ಕಿಂತ ಅಗಲವಾದದ್ದು. ದೇಹ ಯಾಕೆ ಮುಪ್ಪಾಗುತ್ತದೆ, ಮನಸ್ಸು ಏನಾಗುತ್ತದೆ, ಗಂಡ ಸತ್ತ ಮೇಲೆ ಎಪ್ಪತ್ತರ ಹೆಂಗಸು ಯಾರ ಮನೆಯ ಯಾವ ಮೂಲೆಯಲ್ಲಿ ಇರುತ್ತಾಳೆ, ಅವಳ ಹೆಸರಿನ ಹೊಲ ಯಾರ ಕೈಗೆ ಹೋಗುತ್ತದೆ, ಪಿಂಚಣಿ ಯಾರು ತಂದುಕೊಡುತ್ತಾರೆ, ಮನೆಯ ಮೆಟ್ಟಿಲು ಎಷ್ಟು ಎತ್ತರವಿರಬೇಕು, ಇವೆಲ್ಲ ಆ ಓದಿನಲ್ಲಿ ಬರುತ್ತವೆ. ಜೀವಶಾಸ್ತ್ರ, ಮನಶ್ಶಾಸ್ತ್ರ, ಸಮಾಜಕಾರ್ಯ, ಕಾನೂನು ಎಲ್ಲವೂ ಒಂದು ಕಡೆ ಕೂಡುವ ಶಾಸ್ತ್ರ ಅದು.

ಆ ಹೆಸರನ್ನು ಕೊಟ್ಟವರು 1903ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ ಮೆಚ್ನಿಕಾಫ್. ಮೊಸರಿನ ಜೀವಾಣುಗಳು ಆಯುಷ್ಯ ಹೆಚ್ಚಿಸುತ್ತವೆ ಎಂದು ನಂಬಿ ದಿನವೂ ಹುಳಿ ಹಾಲು ಕುಡಿಯುತ್ತಿದ್ದ ಮನುಷ್ಯ. ಮಜ್ಜಿಗೆ ಇಲ್ಲದೆ ಊಟ ಮುಗಿಸದ ನಮ್ಮ ಕಡೆಯ ಅಜ್ಜಂದಿರಿಗೆ ಕೇಳಿದರೆ ಖುಷಿಯಾಗುವ ಸಂಗತಿ. ಜೀರಿಯಾಟ್ರಿಕ್ಸ್ ಎಂಬ ಪದ 1909ರಲ್ಲಿ ಬಂತು, ನ್ಯೂಯಾರ್ಕಿನ ವೈದ್ಯ ನ್ಯಾಶರ್ ಅವರಿಂದ. ಅವರು ವಿದ್ಯಾರ್ಥಿಯಾಗಿದ್ದಾಗ ಒಬ್ಬ ಮುದುಕಿಯನ್ನು ತೋರಿಸಿ ಆಕೆಗೇನಾಗಿದೆ ಎಂದು ಕೇಳಿದರಂತೆ. ವಯಸ್ಸಾಗಿದೆ ಎಂಬ ಉತ್ತರ ಬಂತು. ಏನು ಮಾಡಬೇಕು ಎಂದರೆ, ಏನೂ ಇಲ್ಲ ಎಂಬ ಉತ್ತರ. ಆ ಉತ್ತರವನ್ನು ಅವರು ಒಪ್ಪಲಿಲ್ಲ, ಅಷ್ಟೆ. ನಾನು ಅಮ್ಮಿಗೆ ಹೇಳಿದ ಉತ್ತರವೂ ಅದೇ ಆಗಿತ್ತಲ್ಲ!

1935ರಲ್ಲಿ ಲಂಡನ್ನಿನ ಪಶ್ಚಿಮ ಭಾಗದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಬಡವರ ಆಶ್ರಯದ ವಾರ್ಡುಗಳು ಸೇರಿಕೊಂಡವು. 700ಕ್ಕೂ ಹೆಚ್ಚು ರೋಗಿಗಳು, ಬಹುಪಾಲು ಮುದುಕರು, ವರ್ಷಗಟ್ಟಲೆ ಹಾಸಿಗೆ ಬಿಟ್ಟು ಎದ್ದವರಲ್ಲ. ಮಾರ್ಜರಿ ವಾರೆನ್ ಎಂಬ ವೈದ್ಯೆ ಒಬ್ಬೊಬ್ಬರನ್ನೇ ಪರೀಕ್ಷಿಸಿ, ಹಾಸಿಗೆಯಿಂದ ಎಬ್ಬಿಸಿ, ನಡೆಯಲು ಕಲಿಸಿ, ಗೋಡೆಗೆ ಬಣ್ಣ ಬಳಿಸಿ, ಬೆಳಕು ಬರುವಂತೆ ಮಾಡಿದರು. ಗುಣವಾಗದವರು ಎಂದು ಬಿಟ್ಟಿದ್ದ ಎಷ್ಟೋ ಜನ ಎದ್ದು ಮನೆಗೆ ಹೋದರು. ಅವರು ಹೊಸ ಔಷಧವನ್ನೇನೂ ಕಂಡುಹಿಡಿದಿರಲಿಲ್ಲ.

ನಮ್ಮ ದೇಶದಲ್ಲಿ ಈ ದಾರಿ ತೆರೆದವರು ಮದ್ರಾಸಿನ ಡಾ. ವಿ.ಎಸ್. ನಟರಾಜನ್. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ 1978ರಲ್ಲಿ ಹಿರಿಯರಿಗಾಗಿಯೇ ಹೊರರೋಗಿ ವಿಭಾಗ ಶುರುವಾಯಿತು. 1996ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಈ ವಿಷಯದ ಎಂ.ಡಿ. ಬಂತು. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1975ರಿಂದಲೇ ಜೆರೊಂಟಾಲಜಿಗೆ ಪ್ರತ್ಯೇಕ ಶಾಲೆ ಇದೆ. ಆಂಧ್ರದ ತಿರುಪತಿಯಲ್ಲಿ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದವರು ದಶಕಗಳ ಹಿಂದೆಯೇ ಮುಪ್ಪಿನ ಕುರಿತು ಸಂಶೋಧನಾ ಕೇಂದ್ರ ಕಟ್ಟಿದರು. ಹುಡುಗಿ ಹೇಳಿದ್ದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಲ್ಲ ಎನ್ನಲು ಇಷ್ಟು ಸಾಕು.

ನಮ್ಮ ಯುನಾನಿಯ ಕಪಾಟಿನಲ್ಲಿ ಇದು ಇನ್ನೂ ಹಳೆಯದು. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ಬರೆದ 'ಅಲ್ ಕಾನೂನ್'ನ ಮೊದಲನೇ ಪುಸ್ತಕದಲ್ಲಿ ತದ್‌ಬೀರ್-ಎ-ಮಶಾಯಿಖ್ ಎಂಬ ಭಾಗವೇ ಇದೆ. ಹಿರಿಯರ ಊಟ, ಹಾಲು, ಎಣ್ಣೆ ಮಾಲೀಶು, ನಡಿಗೆ, ಮಲಬದ್ಧತೆ, ಒಂದೊಂದಕ್ಕೂ ಬೇರೆ ಅಧ್ಯಾಯ. ಒಮ್ಮೆಗೇ ಹೊಟ್ಟೆ ತುಂಬ ಕೊಡಬೇಡಿ, ಜೀರ್ಣಶಕ್ತಿ ನೋಡಿ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ ಎನ್ನುತ್ತಾರೆ. ಅವರಿಗೂ ಮುಂಚೆ ಕೈರವಾನಿನ ಇಬ್ನುಲ್ ಜಝ್ಝಾರ್ ಹಿರಿಯರ ವೈದ್ಯದ ಮೇಲೊಂದು, ಮರೆವಿನ ಮೇಲೊಂದು ಬೇರೆ ಬೇರೆ ಗ್ರಂಥ ಬರೆದರು. ಮರೆವಿಗೇ ಒಂದು ಪುಸ್ತಕ! ನಮ್ಮ ಉಲಮಾಗಳು ಓದಿ ಹೇಳುವ ಹದೀಸ್‌ನಲ್ಲಿಯೂ ಪ್ರವಾದಿಯವರು(ಸ) ಔಷಧ ಮಾಡಿ ಎಂದರು, ಔಷಧವಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ ಎಂದರು, ಮುಪ್ಪೊಂದನ್ನು ಮಾತ್ರ ಹೊರತುಪಡಿಸಿದರು. ನಾನು ಇದನ್ನು ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ: ಮುಪ್ಪಿಗೆ ಮದ್ದಿಲ್ಲ, ಆದರೆ ಮುಪ್ಪಿನ ಒಳಗೆ ಬರುವ ರೋಗಕ್ಕೆ ಇದೆ. ಇವೆರಡನ್ನೂ ಬೇರೆ ಮಾಡಿ ನೋಡುವ ಕಣ್ಣೇ ಈ ಶಾಸ್ತ್ರ.

ಇಷ್ಟೆಲ್ಲ ಇದ್ದೂ ನಾವು ಹಕೀಮರು ಮಾಡಿದ್ದೇನು? ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟೆವು. ನನ್ನ ವೃತ್ತಿಬಂಧುಗಳು ಬೇಸರಿಸಬಾರದು, ಮುದುಕರ ಹೆಸರಿನಲ್ಲಿ ನಮ್ಮ ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವುದು ತಾಕತ್ತಿನ ಮಾಜೂನ್ ಮತ್ತು ಕುಶ್ತಾ. ಮಾಜೂನ್ ಎಂದರೆ ಅರ್ಧಕ್ಕಿಂತ ಹೆಚ್ಚು ಸಕ್ಕರೆ ಪಾಕ ಅಥವಾ ಜೇನು. ಸಕ್ಕರೆ ಕಾಯಿಲೆಯ ಅಜ್ಜನಿಗೆ ಎರಡು ಹೊತ್ತು ಅದನ್ನು ತಿನ್ನಿಸಿದರೆ ಏನಾದೀತು? ಹೆಸರಿಲ್ಲದ ಪುಡಿ ಮಾರುವವರು ಇನ್ನೂ ಅಪಾಯ. ಮೊಣಕಾಲು ನೋವು ಮೂರು ದಿನದಲ್ಲಿ ಮಾಯವಾದರೆ ಆ ಪುಡಿಯಲ್ಲಿ ಸ್ಟಿರಾಯ್ಡ್ ಇರಬಹುದೆಂದು ಸಂಶಯ ಪಡಬೇಕು.

ಹಿರಿಯರ ದೇಹ ಹಳೆಯದಾದ ನಮ್ಮ ದೇಹವಲ್ಲ, ಅದರ ನಡೆಯೇ ಬೇರೆ. ಅವರಿಗೆ ಬಾಯಾರಿಕೆ ಕಡಿಮೆ ತಿಳಿಯುತ್ತದೆ, ಆದ್ದರಿಂದ ನೀರು ಕೇಳುವುದಿಲ್ಲ. ಸೋಂಕಾದರೂ ಕೆಲವೊಮ್ಮೆ ಜ್ವರ ಬರುವುದಿಲ್ಲ, ಬರೀ ಬಡಬಡಿಕೆ ಅಥವಾ ಊಟ ಬಿಡುವುದು. ಎದೆನೋವಿಲ್ಲದೆ ಹೃದಯಾಘಾತ ಆಗಬಹುದು, ಉಸಿರುಕಟ್ಟುವುದು ಅಥವಾ ಸುಸ್ತು ಮಾತ್ರ ಕಾಣಬಹುದು. ಅಂಗಡಿಯಲ್ಲಿ ಕೇಳಿ ತಂದ ನೆಗಡಿಯ ಗುಳಿಗೆ ಮೂತ್ರ ಕಟ್ಟಿಸುತ್ತದೆ, ತಲೆ ಗೊಂದಲ ಮಾಡುತ್ತದೆ. ಹಿರಿಯರಿಗೆ ಎಚ್ಚರದಿಂದ ಕೊಡಬೇಕಾದ ಔಷಧಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲೇ ಮಾಡಿದರು, ಆಗಾಗ ಅದನ್ನು ಪರಿಷ್ಕರಿಸುತ್ತಾರೆ. ನಮ್ಮ ಮನೆಗಳಲ್ಲಿ ಒಬ್ಬ ಅಜ್ಜನಿಗೆ ಮೂವರು ಡಾಕ್ಟರು, ಒಬ್ಬ ಹಕೀಮ. ನಾಲ್ವರೂ ಬರೆದ ಚೀಟಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡುವವರು ಯಾರೂ ಇಲ್ಲ. ನನ್ನ ದವಾಖಾನೆಗೆ ಬರುವ ಹಿರಿಯರಿಗೆ ಈಗ ನಾನು ಮೊದಲು ಹೇಳುವ ಮಾತು, ಮನೆಯಲ್ಲಿರುವ ಎಲ್ಲ ಗುಳಿಗೆಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ ಎಂದು. ಕುಡಚಿಯ ಒಬ್ಬ ಅಜ್ಜಿಯ ಚೀಲದಲ್ಲಿ ಒಂದೇ ಔಷಧ ಮೂರು ಕಂಪನಿ ಹೆಸರಿನಲ್ಲಿ ಸಿಕ್ಕಿತು. ಮೂರನ್ನೂ ದಿನವೂ ನುಂಗುತ್ತಿದ್ದರು.

ರಮಝಾನ್ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಗ್ಲಿಬೆನ್‌ಕ್ಲಮೈಡ್‌ನಂಥ ಹಳೆಯ ಸಕ್ಕರೆ ಗುಳಿಗೆಗಳು ಹಿರಿಯರ ದೇಹದಲ್ಲಿ ಬಹಳ ಹೊತ್ತು ಕೆಲಸ ಮಾಡುತ್ತವೆ. ಸಹ್ರಿಗೆ ನುಂಗಿ ಉಪವಾಸವಿದ್ದರೆ ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ತೀರ ಇಳಿದು ಪ್ರಜ್ಞೆ ತಪ್ಪಬಹುದು. ಶರೀಅತ್ತು ಅಶಕ್ತ ಹಿರಿಯರಿಗೆ ರೋಝಾದ ಬದಲು ಫಿದ್ಯಾ ಕೊಡುವ ರಿಯಾಯಿತಿ ನೀಡಿದೆ. ಆದರೆ ಅಜ್ಜನಿಗೆ ಅದನ್ನು ಹೇಳುವವರು ಯಾರು? ಮಗ ಹೇಳಿದರೆ ಕೇಳುವುದಿಲ್ಲ, "ಅರವತ್ತ ವರ್ಷ ಬಿಟ್ಟಿಲ್ಲ, ಈಗ ಬಿಡಲೇನು?" ಎನ್ನುತ್ತಾರೆ. ಡಾಕ್ಟರ್ ಹೇಳಿದರೆ ಡಾಕ್ಟರಿಗೆ ದೀನ್ ಗೊತ್ತಿಲ್ಲ ಎನ್ನುತ್ತಾರೆ. ಶಅಬಾನ್ ತಿಂಗಳಲ್ಲೇ ಮನೆಗೆ ಬಂದು, ಇಮಾಮರನ್ನೂ ಡಾಕ್ಟರನ್ನೂ ಒಂದು ಮಾತಿಗೆ ತಂದು, ಅಜ್ಜನ ಅಭಿಮಾನ ನೋಯದಂತೆ ವಿಷಯ ತಿಳಿಸುವ ಒಬ್ಬರು ಬೇಕು. ಅದಕ್ಕೆ ತಕ್ಕ ಓದು ನಮ್ಮ ಹುಡುಗಿ ಓದಬೇಕೆಂದಿರುವ ಓದು. (ಇದನ್ನು ಓದಿ ಯಾರೂ ತಾವಾಗಿ ಗುಳಿಗೆ ನಿಲ್ಲಿಸಬಾರದು. ಬರೆದುಕೊಟ್ಟ ಡಾಕ್ಟರನ್ನು ಕೇಳಿ, ಅದೂ ರಮಝಾನಿಗೆ ಒಂದು ತಿಂಗಳು ಮುಂಚೆ.)

"ಆದರೂ ನಮ್ಮಲ್ಲಿ ವೃದ್ಧಾಶ್ರಮದ ಸಂಪ್ರದಾಯ ಇಲ್ಲ" ಎಂದು ಹೆಮ್ಮೆಯಿಂದ ಹೇಳುತ್ತೇವೆ. ಒಳ್ಳೆಯ ಮಾತು. ತಂದೆತಾಯಿ ಮುಪ್ಪಿಗೆ ತಲುಪಿದಾಗ ಅವರೆದುರು 'ಛೆ' ಎಂದು ಕೂಡ ಅನ್ನಬಾರದೆಂಬ ಕುರ್‌ಆನಿನ ಆಜ್ಞೆ ನಮ್ಮ ಮಕ್ಕಳಿಗೆ ಬಾಯಿಪಾಠ ಇದೆ. ಆದರೆ ಮನೆಯೊಳಗೆ ಸ್ವಲ್ಪ ಇಣುಕಿ ನೋಡಿ. ಮಗ ಇಚಲಕರಂಜಿಯ ಮಗ್ಗದಲ್ಲಿ, ಇಲ್ಲವೇ ಪುಣೆಯಲ್ಲಿ, ಇಲ್ಲವೇ ಸೌದಿಯಲ್ಲಿ. ಹಾಸಿಗೆ ಹಿಡಿದ ಮಾವನ ಮಲಮೂತ್ರ ಬಳಿಯುವವಳು ಸೊಸೆ. ರಾತ್ರಿ ನಾಲ್ಕು ಸಲ ಏಳುವವಳು ಸೊಸೆ. ಖಿದ್ಮತ್ತಿನ ಹೆಸರು ಮಗನಿಗೆ, ಬೆನ್ನುನೋವು ಅವಳಿಗೆ. ಭಾರದ ಮನುಷ್ಯನನ್ನು ಹಾಸಿಗೆಯಿಂದ ಎತ್ತುವುದು ಹೇಗೆ, ಬೆನ್ನಿನಲ್ಲಿ ಹುಣ್ಣಾಗದಂತೆ ಎರಡೆರಡು ತಾಸಿಗೆ ಮಗ್ಗುಲು ಬದಲಿಸುವುದು ಹೇಗೆ ಎಂದು ಅವಳಿಗೆ ಯಾರು ಕಲಿಸಿದ್ದಾರೆ? ನನ್ನಲ್ಲಿಗೆ ಸೊಂಟನೋವಿಗೆ ಔಷಧ ಕೇಳಿ ಬರುವ ಮೂವತ್ತು ಮೂವತ್ತೈದರ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರಾದರೂ ಇದ್ದಾರೆಯೇ ಎಂದು ಈಗ ಕೇಳುತ್ತೇನೆ. ಕೆಲವರು ಉತ್ತರ ಕೊಡುವ ಮುಂಚೆ ಅಳುತ್ತಾರೆ. ಆರೈಕೆ ಮಾಡುವವರ ದಣಿವು ಈ ಶಾಸ್ತ್ರದಲ್ಲಿ ಒಂದು ಪಾಠ. ನಮ್ಮ ಬಯಾನುಗಳಲ್ಲಿ ನಾನು ಅದನ್ನು ಕೇಳಿದ್ದು ಕಡಿಮೆ.

ಹಾಗಾಗಿ ಭಾವನ ಮಾತಿಗೆ ನನ್ನ ಉತ್ತರ ಇದು. ದಾದಿಯನ್ನು ನೋಡಿಕೊಳ್ಳುವುದು ಮೊಮ್ಮಗಳ ಕರ್ತವ್ಯ ಹೌದು. ಆದರೆ ನಮಾಝ್ ಕೂಡ ಕರ್ತವ್ಯವೇ, ಅದನ್ನು ಮಕ್ತಬ್‌ಗೆ ಕಳಿಸಿ ಕಲಿಸುತ್ತೇವೆ. ಕರ್ತವ್ಯ ಎಂದಮಾತ್ರಕ್ಕೆ ತಾನಾಗಿ ಬರುತ್ತದೆ ಎಂದು ಬಿಟ್ಟಿಲ್ಲ.

ಇನ್ನು ಎಲ್ಲಿ ಓದುವುದು ಎಂಬ ಪ್ರಶ್ನೆ. ಇಲ್ಲಿ ಸುಳ್ಳು ಆಸೆ ಹುಟ್ಟಿಸಲಾರೆ. ಎಂ.ಬಿ.ಬಿ.ಎಸ್. ಆದವರಿಗೆ ಎಂ.ಡಿ. ದಾರಿ ಇದೆ, ಇಗ್ನೋದ ಹಿರಿಯರ ವೈದ್ಯಕೀಯದ ಸ್ನಾತಕೋತ್ತರ ಡಿಪ್ಲೊಮಾ ಕೂಡ ಅವರಿಗಾಗಿಯೇ ರೂಪಿಸಿದ್ದು. ನಮ್ಮಂಥ ಬಿ.ಯು.ಎಂ.ಎಸ್.ನವರಿಗೆ ಆ ಬಾಗಿಲು ಇಲ್ಲ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ಸಂಸ್ಥೆಯಲ್ಲಿ ತಹಫ್ಫುಝಿ ವ ಸಮಾಜಿ ತಿಬ್ ಅಥವಾ ಇಲಾಜ್ ಬಿತ್ ತದ್‌ಬೀರ್ ವಿಭಾಗದಲ್ಲಿ ಎಂ.ಡಿ. ಮಾಡುತ್ತ ಹಿರಿಯರ ಮೇಲೆ ಸಂಶೋಧನೆ ಮಾಡಬಹುದು, ಆಸಕ್ತಿಯಿರುವ ಹುಡುಗರು ಮಾಡಲಿ. ವೈದ್ಯರಲ್ಲದ ಪದವೀಧರರಿಗೆ ದಿಲ್ಲಿಯ ದ್ವಾರಕಾದಲ್ಲಿರುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ ಹಿರಿಯರ ಆರೈಕೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಮತ್ತು ಚಿಕ್ಕ ಅವಧಿಯ ಕೋರ್ಸುಗಳನ್ನು ನಡೆಸುತ್ತ ಬಂದಿದೆ. ಸೇರುವ ವರ್ಷ ಅರ್ಜಿ ಕರೆದಿದ್ದಾರೆಯೇ, ಯಾರು ಅರ್ಹರು ಎಂದು ನೋಡಿಕೊಂಡೇ ಹೊರಡಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಓದುವಾಗ ಕ್ಷೇತ್ರಕಾರ್ಯ, ಪ್ರಬಂಧ ಎರಡಕ್ಕೂ ಹಿರಿಯರ ವಿಷಯ ಆಯ್ದುಕೊಳ್ಳಬಹುದು. ನಮ್ಮ ಹುಡುಗಿಯ ಲೆಕ್ಕಾಚಾರವೂ ಇದೇ. ಅವಳು ನನಗಿಂತ ಚೆನ್ನಾಗಿ ವಿಚಾರಿಸಿದ್ದಳು.

ನನ್ನ ಆಸೆ ಬೇರೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಿಂದ ಇದೆ. ಅಲ್ಲೇ ಒಂದು ವರ್ಷದ ವೃದ್ಧಾಪ್ಯ ವಿಜ್ಞಾನದ ಡಿಪ್ಲೊಮಾ ಕನ್ನಡದಲ್ಲಿ ಸಿಗುವಂತಾಗಬೇಕು. ಬಿ.ಎಸ್.ಡಬ್ಲ್ಯೂ., ನರ್ಸಿಂಗ್, ಗೃಹವಿಜ್ಞಾನ, ಯುನಾನಿ, ಆಯುರ್ವೇದ ಓದಿದ ಎಲ್ಲರಿಗೂ ಅದು ತೆರೆದಿರಬೇಕು. ವಾರಕ್ಕೆರಡು ದಿನ ಪಾಠ, ಉಳಿದ ದಿನ ಹಳ್ಳಿಯ ಮನೆಗಳಲ್ಲಿ ಕೆಲಸ. ರಾಯಬಾಗ, ಅಥಣಿ, ಚಿಕ್ಕೋಡಿ ತಾಲ್ಲೂಕುಗಳ ಕಬ್ಬಿನ ಹಳ್ಳಿಗಳಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕೇ? ಅದಕ್ಕಾಗಿ ಕೇಳುವವರು ಬೇಕು. ಜಮಾಅತ್ ಕಮಿಟಿಗಳು ಶಾದಿಮಹಲ್‌ಗೆ ಅನುದಾನ ಕೇಳಿ ಬರೆಯುವ ಅರ್ಜಿಗಳ ನಡುವೆ ಇಂಥದೊಂದು ಅರ್ಜಿಯೂ ಇರಲಿ.

ಕೆಲಸ ಸಿಗುತ್ತದೆಯೇ ಎಂದು ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಬಿ.ಎಡ್. ಅಥವಾ ನರ್ಸಿಂಗ್‌ನಷ್ಟು ಸುಲಭವಾಗಿ ಈಗ ಸಿಗುವುದಿಲ್ಲ, ಹಾರೂಗೇರಿಯಲ್ಲಂತೂ ಇಲ್ಲ. ಬೆಂಗಳೂರಿನಲ್ಲಿ 1998ರಿಂದ ಹಿರಿಯರಿಗಾಗಿ ಕೆಲಸ ಮಾಡುತ್ತಿರುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳಿವೆ, ಮನೆಗೆ ಬಂದು ಆರೈಕೆ ಮಾಡುವ ಕಂಪನಿಗಳಿವೆ, ಹಿರಿಯರ ಸಹಾಯವಾಣಿ 14567 ಇದೆ. 2010ರ ನಂತರ ಬಂದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹತ್ತು ಹಾಸಿಗೆಯ ವಾರ್ಡು ಇರಬೇಕೆಂದಿದೆ. ಅವಕ್ಕೆಲ್ಲ ಜನ ಬೇಕು. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು, ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು. 2050ರ ಹೊತ್ತಿಗೆ ದೇಶದಲ್ಲಿ ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರ ವರದಿಯಲ್ಲಿ ಹೇಳಿದೆ. ಈಗ ಇಪ್ಪತ್ತೆರಡು ವರ್ಷದ ಹುಡುಗಿಗೆ ಆಗ ಐವತ್ತರ ಹತ್ತಿರ. ನನಗೆ, ಬದುಕಿದ್ದರೆ, ಎಪ್ಪತ್ತು ದಾಟಿರುತ್ತದೆ. ನಮ್ಮ ಸ್ವಾರ್ಥಕ್ಕಾದರೂ ಅವಳನ್ನು ಓದಿಸಬೇಕಲ್ಲವೇ ಎಂದು ಭಾವನಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ.

ಕೆಲಸ ಸಿಗದಿದ್ದರೂ ಊರಿಗೆ ಬಂದರೆ ಮಾಡುವುದು ಬಹಳಷ್ಟಿದೆ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ವಯಸ್ಸಿನ ದಾಖಲೆ ಸರಿಯಿಲ್ಲದೆ ಅದನ್ನು ಪಡೆಯದ ಅಜ್ಜಿಯರು ನಮ್ಮ ಗಲ್ಲಿಯಲ್ಲೇ ಇದ್ದಾರೆ. 2007ರ ಕಾಯ್ದೆಯ ಪ್ರಕಾರ ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿ ಚಿಕ್ಕೋಡಿಯ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು, ವಕೀಲರೂ ಬೇಕಿಲ್ಲ. ಮರ್ಯಾದೆಗೆ ಅಂಜಿ ನಮ್ಮವರು ಹೋಗುವುದಿಲ್ಲ. ಹೋಗುವ ಮುಂಚೆಯೇ ಮನೆಯವರನ್ನು ಕೂರಿಸಿ ಮಾತಾಡಿಸುವ ಕಲಿತ ಹೆಣ್ಣುಮಗಳು ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮಸೀದಿಗಳಲ್ಲಿ ಕುರ್ಚಿ ಇಟ್ಟಿದ್ದೇವೆ, ಸಂತೋಷ. ವುಝೂಖಾನೆಯಲ್ಲಿ ನುಣುಪು ಟೈಲ್ಸ್ ಹಾಕಿದ್ದೇವೆ, ಹಿಡಿಯಲು ಒಂದು ಕಂಬಿ ಇಲ್ಲ. ಅಬ್ಬಾ ಬಿದ್ದದ್ದೂ ಅಂಥ ಟೈಲ್ಸ್ ಮೇಲೆಯೇ, ಅದನ್ನು ಆಯ್ದು ತಂದವನು ನಾನು.

ಕಳೆದ ಜುಮಾ ದಿನ ಹುಡುಗಿ ಮತ್ತೆ ಬಂದಿದ್ದಳು. ಎಲ್ಲೋ ಓದಿಕೊಂಡು ಬಂದಿದ್ದ ಒಂದು ಪರೀಕ್ಷೆಯನ್ನು ನನ್ನ ಅಮ್ಮಿಯ ಮೇಲೆ ಮಾಡಿದಳು. ಕುರ್ಚಿಯಿಂದ ಏಳಬೇಕು, ಮೂರು ಮೀಟರ್ ನಡೆಯಬೇಕು, ತಿರುಗಿ ಬಂದು ಕೂರಬೇಕು. ಹನ್ನೆರಡು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆಯೆಂದು ಅರ್ಥ. "ನಾನಿ, ಅವಸರ ಮಾಡಬ್ಯಾಡ್ರಿ, ದಿನಾ ನಡದಂಗ ನಡೀರಿ" ಎನ್ನುತ್ತ ಮೊಬೈಲಿನಲ್ಲಿ ಸಮಯ ನೋಡಿದಳು. ಅಮ್ಮಿಗೆ ಹತ್ತೊಂಬತ್ತು ಸೆಕೆಂಡ್ ಹಿಡಿಯಿತು. ಸಜ್ದಾದಿಂದ ಏಳುವಾಗ ಕೈ ಊರುತ್ತೀರಾ, ಯಾವಾಗಿನಿಂದ ಎಂದು ಕೇಳಿದಳು. ಎರಡು ತಿಂಗಳಿಂದ ಎಂದರು ಅಮ್ಮಿ. ಒಂದೇ ಮನೆಯಲ್ಲಿ ದಿನವೂ ಅವರೊಂದಿಗಿದ್ದ ನನಗೆ ಅದು ಗೊತ್ತಿರಲಿಲ್ಲ. ಮರುದಿನ ಮೇಸ್ತ್ರಿಯನ್ನು ಕರೆಸಿ ಬಚ್ಚಲಿನ ಎರಡು ಗೋಡೆಗೂ ಸ್ಟೀಲಿನ ಕಂಬಿ ಹಾಕಿಸಿದೆ, ಟೈಲ್ಸ್ ತೆಗೆಸಿ ಒರಟು ಕಲ್ಲು ಕೂರಿಸಿದೆ. ಅಮ್ಮಿಯ ರಕ್ತ ಪರೀಕ್ಷೆಗೂ ಬರೆದುಕೊಟ್ಟಿದ್ದೇನೆ.

ಧಾರವಾಡದ ಅರ್ಜಿಯನ್ನು ಭಾವ ಇನ್ನೂ ಸಹಿ ಮಾಡದೆ ಮೇಜಿನ ಮೇಲೆ ಇಟ್ಟಿದ್ದಾರೆ. ಹಾಸ್ಟೆಲ್ ಹೇಗಿದೆ, ಒಮ್ಮೆ ನೋಡಿ ಬರೋಣ ಎಂದಿದ್ದಾರಂತೆ. ಮುಂದಿನ ರವಿವಾರ ನಾನೂ ಅವರೊಂದಿಗೆ ಹೋಗುತ್ತಿದ್ದೇನೆ.